‘ಒಳ್ಳೇದಾಗ್ಲಿ’ ಅಂದವರು ಯಾರು?

ಹರಕೆಯ ಮಾತುಗಳನ್ನು ನಮ್ಮ ವಿಮರ್ಶಕರು ಜಾನಪದದ ಸೊಗಸು ಅಂತ ಹೊಗಳಿ ಎತ್ತಿಟ್ಟುಬಿಟ್ಟಿದ್ದಾರೆ. ಆ ಮಾತು ಯಾವ ಬಾಯಿಂದ ಹೊರಟು ಯಾವ ಕಿವಿಗೆ ಬಿತ್ತು ಅಂತ ಮಾತ್ರ ಕೇಳಿಲ್ಲ. ಬಂಡಳ್ಳಿಯಂಥ ಊರುಗಳನ್ನು ಕೇರಿಯ ಕಡೆಯಿಂದ ನೋಡುವ ನಾವು ಮೊದಲು ಕೇಳಬೇಕಾದ್ದು ಅದನ್ನೇ.

ಕೇರಿಯ ಹೆಂಗಸು ಊರೊಳಗಿನ ಮನೆ ಮುಂದೆ ದೂರ ನಿಂತು, ಮಿಕ್ಕ ಹಿಟ್ಟಿಗೆ ಸೆರಗೊಡ್ಡಿ, ‘ನಿಮ್ಮೊಟ್ಟೆ ತಣ್ಣಗಿರ್ಲಿ ಬುದ್ಧಿ’ ಅನ್ನಬೇಕಾಗಿತ್ತು. ಹಸಿದ ಹೊಟ್ಟೆ ತುಂಬಿದ ಹೊಟ್ಟೆಯನ್ನು ಹರಸುವ ಚೋದ್ಯ ಇದು! ಕಣದಲ್ಲಿ ರಾಗಿ ತೂರಿ ‘ಹುಲುಸಾಗ್ಲಿ’ ಅಂದವರು ಒಬ್ಬರು, ರಾಶಿ ಹೋಗಿ ಬಿದ್ದದ್ದು ಇನ್ನೊಬ್ಬರ ಹಗೇವಿಗೆ. ಮೇಲಿನಿಂದ ಇಳಿದು ಬರುತ್ತಿದ್ದ ಹರಕೆಯ ರೀತಿಯೇ ಬೇರೆ. ಕೂಲಿ ಕೇಳಿದರೆ ‘ನೋಡುವಾ ಹೋಗ್ಲಾ, ನಿಂಗೂ ಒಳ್ಳೇದಾಯ್ತದೆ.’ ಅಲ್ಲಿಗೆ ಲೆಕ್ಕ ಚುಕ್ತಾ. ಕೆಳಗಿನವರ ಹರಕೆ ಅನ್ನಕ್ಕೆ ತೆತ್ತ ಬೆಲೆ, ಮೇಲಿನವರದು ಕೂಲಿಗೆ ಬದಲು ಕೊಟ್ಟ ಗಾಳಿ.

ಇದರ ಗುಟ್ಟು ವ್ಯಾಕರಣದಲ್ಲೇ ಇದೆ. ‘ಒಳ್ಳೇದು ಮಾಡ್ತೀನಿ’ ಅಂದವನನ್ನು ನಾಳೆ ಹೋಗಿ ಹಿಡಿದು ಕೇಳಬಹುದು. ‘ಒಳ್ಳೇದಾಗ್ಲಿ’ ಅಂದರೆ ಯಾರನ್ನು ಕೇಳುವುದು? ಅದನ್ನು ಮಾಡುವವನೇ ಅಲ್ಲಿಲ್ಲ. ಜೀತ ತೊಲಗಲಿ ಅಂತ ಹಾರೈಸಿದ್ದರಿಂದ ಅದು ಅಪರಾಧವಾಗಲಿಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಜೀತದ ಸಾಲವೂ ರದ್ದು ಅಂತ ಬಿಡಿಸಿ ಬರೆಯಬೇಕಾಯಿತು. ಬರೆದ ಮೇಲೂ ಎಷ್ಟೋ ಕಡೆ ಕಛೇರಿ ಮುಂದೆ ಜನ ಹೋಗಿ ಕೂರಬೇಕಾಯಿತು.

ಹಾಗಂತ ಹರಕೆಯೆಲ್ಲ ಬೂಟಾಟಿಕೆ ಅಂತ ಸಾರಿಬಿಟ್ಟರೆ ಅದು ನಮ್ಮವ್ವಂದಿರಿಗೆ ಮಾಡುವ ದ್ರೋಹ. ಕಾಫಿ ತೋಟಕ್ಕೋ ತಿರುಪ್ಪೂರಿಗೋ ಕೂಲಿಗೆ ಹೊರಟ ಹುಡುಗ ‘ಹೋಯ್ತೀನಿ’ ಅನ್ನುವ ಹಾಗಿಲ್ಲ, ‘ಬತ್ತೀನಿ ಕನವ್ವ’ ಅನ್ನಬೇಕು. (1956ರವರೆಗೆ ಈ ಸೀಮೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ತಮಿಳರೂ ಹೊರಡುವಾಗ ‘ಹೋಗಿ ಬರ್ತೀನಿ’ ಅಂತಲೇ ಅನ್ನುವುದು.) ‘ಉಸಾರಾಗಿ ಓಗ್ಬಾ ಮಗ’ ಅನ್ನುವ ಅವ್ವ ಬುತ್ತಿ ಕಟ್ಟಿರುತ್ತಾಳೆ, ಬಸ್ ಚಾರ್ಜಿಗೆ ಸಾಲ ತಂದಿರುತ್ತಾಳೆ. ಆ ಮಾತಿನ ಹಿಂದೆ ಒಂದು ಕೈ ಇದೆ.

ಇನ್ನೂ ಒಂದು ಥರದ ಹರಕೆ ಇದೆ, ಅದಕ್ಕೆ ಹಲ್ಲಿದೆ. ಮಂಟೇಸ್ವಾಮಿಯ ಒಕ್ಕಲಾದ ನೀಲಗಾರ ಕೋರಣ್ಯಕ್ಕೆ ಬಂದಾಗ ಬಗ್ಗಿ ನಿಲ್ಲುವುದಿಲ್ಲ. ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರಲ್ಲಿಗೆ ಹೋಗಿ ಕಬ್ಬಿಣದ ಭಿಕ್ಷೆ ಕೇಳಿದ. ಅವರು ಕೊಡದೆ ಹಿಂಸಿಸಿದರು. ಕೊನೆಗೆ ಸೋತವರು ಅವರೇ. ಈ ಕಥೆ ಹಾಡುವವನು ‘ಒಳ್ಳೇದಾಗ್ಲಿ’ ಅಂದರೆ, ಕೊಡದೇ ಇದ್ದರೆ ಏನಾಗುತ್ತದೆ ಅನ್ನುವುದೂ ಕೇಳಿದವರಿಗೆ ಗೊತ್ತು.

ಈಗ ನಮ್ಮ ಪದ್ಯಗಳ ಕಡೆ ಬರೋಣ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ಮೇಲೆ ಬಂದ ಪದ್ಯಗಳಲ್ಲಿ ಎಷ್ಟೊಂದು ‘ಆಗಲಿ’! ಬೆಳಕಾಗಲಿ, ಬೆಂಕಿಯಾಗಲಿ, ಸಮಾನತೆ ಬರಲಿ. ಯಾರು ತರುತ್ತಾರೆ? ಆ ಸಂಘಟನೆಗೆ ಡಿ.ಆರ್. ನಾಗರಾಜ್ ಕೊಟ್ಟ ಘೋಷವಾಕ್ಯದಲ್ಲೂ ‘ಆಗಲಿ’ ಇದೆ ನಿಜ. ಅಲ್ಲಿ ಅದು ಕಾವ್ಯಕ್ಕೆ ಒಪ್ಪಿಸಿದ ಕೆಲಸ. ನಮ್ಮಲ್ಲಿ ಬಹಳ ಮಂದಿ ಕೆಲಸ ಬಿಟ್ಟು ‘ಲಿ’ಯನ್ನಷ್ಟೇ ಕಲಿತರು. ಮಠದ ಆಶೀರ್ವಾದ ಬೇಡ ಅಂದವರು ಮೈಕಿನ ಮುಂದೆ ನಿಂತು ಆಶೀರ್ವಾದವನ್ನೇ ಮಾಡಿದರು. ಪದವಿ ಪಡೆದ ನಮ್ಮಂಥವರಿಗೆ ಇದು ಬೇಗ ಅಂಟುವ ರೋಗ. ಒಂದು ಮೆಟ್ಟಿಲು ಹತ್ತಿದ ಕೂಡಲೇ ಕೈ ತಾನಾಗಿ ಹರಸೋಕೆ ಏಳುತ್ತದೆ.

ಸಿದ್ಧಲಿಂಗಯ್ಯ 1975ರ ‘ಹೊಲೆಮಾದಿಗರ ಹಾಡು’ ಸಂಕಲನದಲ್ಲಿ ಕೇರಿಯ ಮಾತಿನಲ್ಲೇ ನೇರ ಆಜ್ಞೆ ಕೊಟ್ಟರು. ಅದನ್ನು ಒರಟು ಅಂದವರಿಗೆ, ಅಲ್ಲಿ ಕೇಳುವವರೂ ಮಾಡುವವರೂ ಎದುರಿಗೇ ನಿಂತಿದ್ದಾರೆ ಅನ್ನುವುದು ಕಾಣಲಿಲ್ಲ. ದೇವನೂರರ ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರೆಲ್ಲ ರಾತ್ರಿ ಸುತ್ತ ಕೂತು ಕಡಲೆಕಾಯಿ ತಿನ್ನುತ್ತಾರೆ. ಅಲ್ಲಿ ಹೊಟ್ಟೆ ತಣ್ಣಗಾಗುವುದು ಯಾವ ಬುದ್ಧಿಯೋರ ಹರಕೆಯಿಂದಲೂ ಅಲ್ಲ, ಕದ್ದು ತಂದ ಕಾಯಿಯಿಂದ. ಬೆನ್ನಿಗೇ ಪೊಲೀಸರು ಬರುತ್ತಾರೆ.