ಅಪ್ಪಂಗೆ ಹೇಳಬೇಡಿ

ಕೊರೊನಾದ ಮೊದಲ ವಾರಗಳಲ್ಲಿ ಊರೆಲ್ಲ ಮುದುಕರ ಚಿಂತೆಯಲ್ಲಿತ್ತು. ಅದೇ ಹೊತ್ತಿಗೆ, ಮುದುಕರಿಗಿಂತ ಅವರ ಮಕ್ಕಳೇ ಹೆಚ್ಚು ಕಂಗೆಟ್ಟಿದ್ದಾರೆ ಎನ್ನುವ ಅಧ್ಯಯನವೊಂದು ನಡೆಯಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಕ್ಲೈಬರ್, ನ್ಯಾನ್ಸಿ ಸಿನ್ ಮತ್ತು ಸಂಗಡಿಗರು 2020ರ ಮಾರ್ಚ್–ಏಪ್ರಿಲ್‌ನಲ್ಲಿ ಕೆನಡಾ ಮತ್ತು ಅಮೆರಿಕದ 776 ಜನರಿಗೆ ಒಂದು ವಾರ ದಿನಾಲೂ ಪ್ರಶ್ನೆ ಕೇಳಿ ಬರೆಸಿಕೊಂಡರು. ಬರೆದವರ ವಯಸ್ಸು 18ರಿಂದ 91. ಅರವತ್ತು ದಾಟಿದವರಲ್ಲಿ ಒತ್ತಡ ಕಡಿಮೆ, ಖುಷಿ ಕೊಟ್ಟ ಗಳಿಗೆಗಳು ಹೆಚ್ಚು ಎಂದು ಕಂಡುಬಂತು. ಸ್ಟ್ಯಾನ್‌ಫರ್ಡಿನ ಲಾರಾ ಕಾರ್ಸ್ಟೆನ್ಸನ್ ತಂಡ ಅದೇ ಏಪ್ರಿಲ್‌ನಲ್ಲಿ ಅಮೆರಿಕನ್ನರನ್ನು ಕೇಳಿ ಇಂಥದ್ದೇ ತೀರ್ಮಾನಕ್ಕೆ ಬಂದಿತ್ತು. ಉಳಿದ ಆಯುಷ್ಯ ಸ್ವಲ್ಪ ಎಂದು ಗೊತ್ತಾದವರು ಬೇಡದ್ದನ್ನು ಬಿಟ್ಟು ಬೇಕಾದವರನ್ನಷ್ಟೇ ಹತ್ತಿರ ಇಟ್ಟುಕೊಳ್ಳುತ್ತಾರೆ, ಅದರಿಂದಲೇ ಅವರಿಗೆ ನೆಮ್ಮದಿ ಎಂಬುದು ಕಾರ್ಸ್ಟೆನ್ಸನ್ ಬಹುಕಾಲದಿಂದ ಮಂಡಿಸುತ್ತ ಬಂದ ವಾದ.

ಕ್ಲೈಬರ್ ತಂಡದ ವಿಧಾನವನ್ನು ಮೆಚ್ಚಲೇಬೇಕು. ಆರು ತಿಂಗಳ ಹಿಂದೆ ಹೇಗಿದ್ದಿರಿ ಎಂದು ಕೇಳಿದರೆ ಮನುಷ್ಯ ಕಥೆ ಕಟ್ಟುತ್ತಾನೆ. ಇವತ್ತು ಏನಾಯಿತು ಎಂದರೆ ಅಷ್ಟು ಸುಲಭಕ್ಕೆ ಕಟ್ಟಲಾರ. ಫಲಿತಾಂಶ ಸುಳ್ಳು ಎನ್ನುವುದಕ್ಕೂ ನನ್ನಲ್ಲಿ ಕಾರಣವಿಲ್ಲ. ಆದರೆ ಅದನ್ನು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದ ಕಡೆಯಿಂದ ಓದಿದರೆ ಎರಡು ಮೂರು ಕಡೆ ಕಾಲು ಎಡವುತ್ತದೆ.

ಮೊದಲನೆಯದು ಯಾರು ಉತ್ತರಿಸಿದರು ಎಂಬುದು. ಸಮೀಕ್ಷೆ ನಡೆದದ್ದು ಇಂಟರ್ನೆಟ್‌ನಲ್ಲಿ. ಎಪ್ಪತ್ತೈದರಲ್ಲೂ ದಿನಾ ಲಾಗಿನ್ ಆಗಿ ಪ್ರಶ್ನೆಗಳಿಗೆ ಉತ್ತರಿಸುವವರು ಅರ್ಧ ಗೆದ್ದವರೇ. ಶ್ರವಣಬೆಳಗೊಳ ಹೋಬಳಿಯ ಹಳ್ಳಿಯಲ್ಲಿ ಮೊಮ್ಮಗನ ಕೈಯಲ್ಲಿ ನಂಬರ್ ಒತ್ತಿಸಿ ಮಾತಾಡುವ ಅಜ್ಜಿ ಇಂಥ ಲೆಕ್ಕಕ್ಕೆ ಎಲ್ಲೂ ಸಿಗುವುದಿಲ್ಲ. ಸಿಕ್ಕರೂ ಏನು ಹೇಳಿಯಾಳು? ಒಂದರಿಂದ ಐದರೊಳಗೆ ನಿಮ್ಮ ಆತಂಕ ಎಷ್ಟು ಎಂದರೆ, "ಹೆಂಗೋ ನಡೀತದೆ ಕಣಪ್ಪ" ಎನ್ನುತ್ತಾಳೆ. ಆತಂಕ ಬರುವುದು ಬೇರೆ ದಾರಿಯಲ್ಲಿ: ನಿದ್ದೆ ಹತ್ತಲ್ಲ, ಊಟ ಸೇರಲ್ಲ, ಕೈಕಾಲು ಸೆಳೀತದೆ. ಭಾವನೆಯ ಹೆಸರುಗಳನ್ನಷ್ಟೇ ಪಟ್ಟಿ ಮಾಡಿದ ಪ್ರಶ್ನಾವಳಿಯಲ್ಲಿ ಇವಳು ಶಾಂತಳಾಗಿಯೇ ಕಾಣುತ್ತಾಳೆ.

ಎರಡನೆಯದು ವಯಸ್ಸನ್ನೇ ಗೆರೆ ಮಾಡಿಕೊಂಡದ್ದು. ನಮ್ಮ ಸರ್ಕಾರವೂ ಇದನ್ನೇ ಮಾಡಿತು. 2020ರ ಮೇ ತಿಂಗಳ ಕೇಂದ್ರ ಗೃಹ ಇಲಾಖೆಯ ಮಾರ್ಗಸೂಚಿಯಲ್ಲಿ 65 ದಾಟಿದವರೂ 10 ತುಂಬದವರೂ ಅಗತ್ಯವಿಲ್ಲದೆ ಹೊರಬರಬಾರದು ಎಂದಿತ್ತು. ಪಟ್ಟಣದ ಬಡಾವಣೆಯ ನಿವೃತ್ತ ಮೇಷ್ಟ್ರಿಗೆ ಅದು ಗೃಹಬಂಧನವೇ ಆಯಿತು. ಬೆಳಗಿನ ವಾಕಿಂಗ್ ಹೋಯಿತು, ಹೋಟೆಲಿನ ಕಾಫಿ ಹೋಯಿತು, ಮಾತಿಗೆ ಸಿಗುತ್ತಿದ್ದ ನಾಲ್ಕು ಜನ ಹೋದರು. ಹಳ್ಳಿಯ ಅವರದೇ ವಯಸ್ಸಿನ ರೈತನಿಗೆ ಹಾಗಾಗಲಿಲ್ಲ. ಬೇಸಾಯಕ್ಕೆ ವಿನಾಯಿತಿ ಇತ್ತು, ಹಸು ಲಾಕ್‌ಡೌನ್ ಕೇಳುವುದಿಲ್ಲ, ಡೇರಿಗೆ ಎರಡು ಹೊತ್ತೂ ಹಾಲು ಹಾಕಬೇಕು. ಡೇರಿ ಮುಂದೆ ಸುಣ್ಣದಲ್ಲಿ ಬಳಿದ ವೃತ್ತದೊಳಗೆ ನಿಂತಾದರೂ ನಾಲ್ಕು ಮಾತಾಡಬಹುದಿತ್ತು. ಇಬ್ಬರಿಗೂ ಎಪ್ಪತ್ತು. ಒಬ್ಬರ ನೆಮ್ಮದಿಯನ್ನು ಇನ್ನೊಬ್ಬರದರ ಜೊತೆ ಕೂಡಿಸಿ ಸರಾಸರಿ ತೆಗೆದರೆ ಯಾರ ವಿಷಯವೂ ತಿಳಿಯುವುದಿಲ್ಲ.

ನನ್ನ ದೊಡ್ಡ ತಕರಾರು ಇರುವುದು ಮೂರನೆಯದರಲ್ಲಿ. ಮೇ 12ರವರೆಗೆ ಹಾಸನ ಜಿಲ್ಲೆಯಲ್ಲಿ ಒಂದು ಪ್ರಕರಣವೂ ಇರಲಿಲ್ಲ. ಅಂದು ಪಾಸಿಟಿವ್ ಬಂದ ಮೊದಲ ಐವರು ಮುಂಬೈಯಿಂದ ಚನ್ನರಾಯಪಟ್ಟಣ ತಾಲ್ಲೂಕಿಗೆ ಬಂದವರು. ಈ ತಾಲ್ಲೂಕಿಗೂ ಪಕ್ಕದ ಕೆ.ಆರ್. ಪೇಟೆಗೂ ಮುಂಬೈ ಹೊಸದಲ್ಲ. ದುಡಿಯಲು ಅಲ್ಲಿಗೆ ಹೋದವರು ಹಬ್ಬಕ್ಕೆ, ಮದುವೆಗೆ, ತಿಥಿಗೆ ಊರಿಗೆ ಬರುತ್ತಲೇ ಇದ್ದರು. ಆ ಮೇನಲ್ಲಿ ಮಾತ್ರ "ಬಾಂಬೆಯವರು ಬಂದವ್ರೆ" ಎಂಬ ಮಾತಿಗೆ ಬಾಗಿಲು ಮುಚ್ಚತೊಡಗಿದವು. ಹಾಸ್ಟೆಲಿನ ಕ್ವಾರಂಟೈನ್‌ನಲ್ಲಿ ಕೂತ ಮಗನಿಗೆ ಹೋದ ಕೆಲಸದ ಚಿಂತೆ, ಮುಂಬೈಯ ಕೋಣೆಯ ಬಾಡಿಗೆಯ ಚಿಂತೆ, ತನ್ನಿಂದ ಊರಿಗೇನಾದರೂ ಆದೀತೆಂಬ ಭಯ. ಮನೆಯಲ್ಲಿದ್ದ ತಾಯಿಗೆ? ಭಯ ಇತ್ತು, ಜೊತೆಗೆ ಮಗ ಊರಿಗೆ ಬಂದ ಎಂಬ ಸಮಾಧಾನವೂ ಇತ್ತು. ಇಬ್ಬರಿಂದಲೂ ದಿನಚರಿ ಬರೆಸಿದ್ದರೆ ಒಂದೇ ಘಟನೆ ಒಬ್ಬರ ಪುಟದಲ್ಲಿ ಒತ್ತಡವಾಗಿ, ಇನ್ನೊಬ್ಬರ ಪುಟದಲ್ಲಿ ಸಂತೋಷವಾಗಿ ದಾಖಲಾಗುತ್ತಿತ್ತು.

ಅಷ್ಟೇ ಅಲ್ಲ. ನಮ್ಮ ಮನೆಗಳಲ್ಲಿ ಹಿರಿಯರ ನೆಮ್ಮದಿಯನ್ನು ಕಾಯುವುದೇ ನಡುವಯಸ್ಸಿನವರ ಕೆಲಸ. ಬೆಂಗಳೂರಿನಲ್ಲಿ ಅರ್ಧ ಸಂಬಳ ಆದದ್ದು, ಸಂಘದ ಸಾಲದ ಕಂತು ನಿಂತದ್ದು, ಭಾವನಿಗೆ ಪಾಸಿಟಿವ್ ಬಂದದ್ದು, ಕೆಲವು ಮನೆಗಳಲ್ಲಿ ಸಾವು ಕೂಡ, "ಅಪ್ಪಂಗೆ ಹೇಳಬೇಡಿ" ಎಂಬ ಮಾತಿನ ಹಿಂದೆ ಮುಚ್ಚಿಹೋಯಿತು. ಅಪ್ಪನ ಶಾಂತಿಯ ಖರ್ಚು ಮಗಳ ಖಾತೆಯಿಂದ ಹೋಗುತ್ತಿತ್ತು. ಅಪ್ಪನೂ ಕಡಿಮೆಯವನಲ್ಲ, ಎದೆ ಹಿಡಿದಂತಾದದ್ದನ್ನು ಮಕ್ಕಳಿಗೆ ಹೇಳದೆ ಕಷಾಯ ಕುಡಿದು ಮಲಗಿರುತ್ತಾನೆ. ಒಬ್ಬೊಬ್ಬರನ್ನೇ ಬಿಡಿಯಾಗಿ ಕೇಳುವ ಸಮೀಕ್ಷೆ ಈ ಕೊಡುಕೊಳ್ಳುವಿಕೆಯನ್ನು ಹಿಡಿಯಲಾರದು. ವಯಸ್ಸು ಕೊಟ್ಟ ವಿವೇಕ ಎಂದು ಅದು ಬರೆದುಕೊಂಡದ್ದರಲ್ಲಿ ಎಷ್ಟು ಪಾಲು ಮನೆಯವರು ಹೊತ್ತ ಮೌನ?

ಹದಿನೆಂಟರ ಕೆಳಗಿನವರು ಆ ಅಧ್ಯಯನದಲ್ಲೇ ಇಲ್ಲ. ಇಲ್ಲಿ ಹೆಚ್ಚು ಅತಂತ್ರರಾದವರಲ್ಲಿ ಅವರೂ ಸೇರಿದ್ದರು. ಮುಂದೂಡಿದ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಜೂನ್ 25ರಿಂದ ಮಾಸ್ಕ್ ಹಾಕಿಕೊಂಡು ಬರೆದರು. ಆಗಸ್ಟ್‌ನಲ್ಲಿ, ಮುಚ್ಚಿದ ಶಾಲೆಗಳಿಗೆ ಬದಲಾಗಿ, ಸರ್ಕಾರದ ವಿದ್ಯಾಗಮ ಶುರುವಾಗಿ ಮೇಷ್ಟ್ರುಗಳು ದೇವಸ್ಥಾನದ ಜಗಲಿಗೆ, ಮರದ ಕೆಳಗೆ ಬಂದರು. ಮುದುಕರು ಕೂರುತ್ತಿದ್ದ ಜಾಗಗಳೇ ಅವು. ಆ ಕಾಲದಲ್ಲಿ ಎರಡು ತುದಿಯ ವಯಸ್ಸನ್ನು ಬಯಲಲ್ಲಿ ಒಟ್ಟಿಗೆ ತಂದ ಸರ್ಕಾರಿ ಕಾರ್ಯಕ್ರಮ ನನಗೆ ತಿಳಿದಂತೆ ಇದೊಂದೇ, ಅದೂ ಉದ್ದೇಶವಿಲ್ಲದೆ. ಅಕ್ಟೋಬರ್‌ನಲ್ಲಿ ಸೋಂಕಿನ ಭೀತಿಯಿಂದ ನಿಲ್ಲಿಸಿದರು. ಆನ್‌ಲೈನ್ ಪಾಠಕ್ಕೆ ಇದ್ದ ಒಂದೇ ಫೋನಿಗಾಗಿ ಅಣ್ಣತಂಗಿಯರ ಜಗಳ ಮತ್ತೆ ಶುರು.

ನಡುವಯಸ್ಸಿನವರ ಕುರಿತ ಮಾತನ್ನು ಮಾತ್ರ ಆ ಅಧ್ಯಯನದಿಂದ ಹಾಗೇ ಎತ್ತಿಕೊಳ್ಳಬಹುದು. ಕೆಲಸ, ಮಕ್ಕಳ ಪಾಠ, ಮನೆಯವರ ಆರೈಕೆ ಒಟ್ಟಿಗೆ ಮೈಮೇಲೆ, ಅದರಲ್ಲೂ ಹೆಂಗಸರ ಮೈಮೇಲೆ, ಬಿದ್ದದ್ದು ವ್ಯಾಂಕೂವರಿನಲ್ಲೂ ಇಲ್ಲೂ ಒಂದೇ. ಮನೆಮನೆ ಸಮೀಕ್ಷೆಗೆ ಹೋಗಿ ಬೈಸಿಕೊಂಡು ಬರುತ್ತಿದ್ದ ಆಶಾ ಕಾರ್ಯಕರ್ತೆಯರು 2020ರ ಜುಲೈನಲ್ಲಿ 12,000 ರೂಪಾಯಿ ಗೌರವಧನ ಕೇಳಿ ರಾಜ್ಯದಾದ್ಯಂತ ಮುಷ್ಕರ ಹೂಡಿದ್ದನ್ನು ನೆನೆದರೆ ಸಾಕು.

ಇನ್ನು ಅಳತೆಯ ಸಮಯ. ಮಾರ್ಚ್–ಏಪ್ರಿಲ್ 2020 ಎಂದರೆ ಜನ ದೀಪ ಹಚ್ಚಿ, ತಟ್ಟೆ ಬಡಿದು, ಇಪ್ಪತ್ತೊಂದು ದಿನ ತಾನೆ ಎಂದುಕೊಂಡಿದ್ದ ಕಾಲ. 2021ರ ಏಪ್ರಿಲ್ ಕೊನೆಗೆ ರಾಜ್ಯ ಮತ್ತೆ ಮುಚ್ಚಿಕೊಂಡಾಗ ಹಾಸಿಗೆಗಾಗಿ, ಆಕ್ಸಿಜನ್‌ಗಾಗಿ ಅಲೆದಾಟ. ಈ ಸಲ ನಲವತ್ತರ ಮಕ್ಕಳನ್ನು ಕಳಕೊಂಡು ಉಳಿದ ಎಂಬತ್ತರ ತಂದೆತಾಯಿಗಳಿದ್ದರು. ಮಣ್ಣಿಗೆ ನಾಲ್ಕು ಜನ ಸೇರದ ಆ ದಿನಗಳಲ್ಲಿ ಹಿರಿಯರ ಭಾವಸ್ಥೈರ್ಯ ಉಳಿದಿತ್ತೇ ಎಂಬುದೇ ಕಾರ್ಸ್ಟೆನ್ಸನ್ ವಾದಕ್ಕೆ ನಿಜವಾದ ಪರೀಕ್ಷೆ. ಬೇಕಾದವರನ್ನಷ್ಟೇ ಹತ್ತಿರ ಇಟ್ಟುಕೊಂಡವರಿಗೆ ಆ ಬೇಕಾದವರೇ ಹೋದಾಗ ಏನಾಗುತ್ತದೆ ಎಂಬುದಕ್ಕೆ ಮೊದಲ ಲಾಕ್‌ಡೌನಿನ ಏಳು ದಿನದ ಉತ್ತರಗಳಲ್ಲಿ ಏನೂ ಸಿಗುವುದಿಲ್ಲ.