ಪದ ಯಾರದು, ಹಕ್ಕು ಯಾರದು?

ಜನಪದ ಗೀತೆಗಳ ಯಾವುದಾದರೂ ಒಂದು ಸಂಗ್ರಹ ಕೈಗೆ ತಗೊಳ್ಳಿ. ಎರಡನೇ ಪುಟದಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇರುತ್ತದೆ: ಹಕ್ಕುಗಳು ಸಂಪಾದಕರದು, ಇಲ್ಲವೇ ಪ್ರಕಾಶಕರದು. ಸಂಪಾದಕರು ಬಿಸಿಲಲ್ಲಿ ಎಷ್ಟು ಊರು ಅಲೆದರು, ಯಾವ ಪ್ರೊಫೆಸರರು ಬೆನ್ನು ತಟ್ಟಿದರು ಎಂಬುದೆಲ್ಲ ಮುನ್ನುಡಿಯಲ್ಲಿ ಇರುತ್ತದೆ. ಪದ ಹೇಳಿದ ಹೆಂಗಸಿನ ಹೆಸರು ಹುಡುಕಿದರೆ ಕೆಲವದರಲ್ಲಿ ಕೊನೆಯ ಪುಟದಲ್ಲಿ ಸಿಕ್ಕೀತು. ಕೆಲವದರಲ್ಲಿ ಊರಿನ ಹೆಸರಷ್ಟೇ. ಕೆಲವದರಲ್ಲಿ ಅದೂ ಇಲ್ಲ.

ಹೊಲ ಉತ್ತವಳು ಒಬ್ಬಳು, ಪಹಣಿಯಲ್ಲಿ ಹೆಸರು ಇನ್ನೊಬ್ಬರದು. ಭೂಮಿಯ ವಿಷಯದಲ್ಲಿ ಈ ಅನ್ಯಾಯವನ್ನು ನಮ್ಮ ಜನ ಗುರುತಿಸಿದರು, ಬೀದಿಗಿಳಿದರು, 1974ರ ಭೂಸುಧಾರಣೆಯ ತಿದ್ದುಪಡಿ ಬಂದ ಮೇಲೆ ಏಳನೇ ನಂಬರಿನ ಫಾರಂ ತುಂಬಿ ಡಿಕ್ಲರೇಶನ್ ಕೊಟ್ಟರು. ಪದದ ವಿಷಯಕ್ಕೆ ಯಾವ ಫಾರಂ? ಯಾವ ಕಚೇರಿ? ಈ ಪ್ರಶ್ನೆಯನ್ನು ನಮ್ಮ ವಿಮರ್ಶೆ ಇಲ್ಲಿಯವರೆಗೆ ಗಟ್ಟಿಯಾಗಿ ಕೇಳಿಲ್ಲ. ಕೃತಿಯ ಒಳಗಿನ ಜಾತಿಯನ್ನು ಹುಡುಕಿದೆ; ಕೃತಿಯ ಒಡೆತನದಲ್ಲಿರುವ ಜಾತಿಯ ಕಡೆ ಕಣ್ಣು ಹಾಯಿಸಿದ್ದು ಕಡಿಮೆ.

ಅಂಕೋಲೆಯವರಿಗೆ ಇದು ದೂರದ ಮಾತಲ್ಲ. ಬಡಗೇರಿಯ ಸುಕ್ರಿ ಬೊಮ್ಮಗೌಡ, ನಮ್ಮೆಲ್ಲರ ಸುಕ್ರಜ್ಜಿ, ತಾಯಿಯ ಬಾಯಿಂದ ಕಲಿತ ಪದಗಳನ್ನು ಜೀವಮಾನವಿಡೀ ಹೇಳಿದರು. ಅಕ್ಷರ ಕಲಿಯದ ಆ ಹಾಲಕ್ಕಿ ಹೆಂಗಸಿನ ನೆನಪಿನಲ್ಲಿ ಒಂದು ಗ್ರಂಥಾಲಯವೇ ಇತ್ತು. ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿ ನಿಲ್ಲಿಸಿದವರೂ ಅವರೇ. 2017ರಲ್ಲಿ ಪದ್ಮಶ್ರೀ ಬಂತು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ಕೇಳುತ್ತಲೇ ಇದ್ದರು. ಅದು ಆಗಲಿಲ್ಲ. 2025ರ ಫೆಬ್ರವರಿ 13ರಂದು ತೀರಿಕೊಂಡರು. ಈಗ ಮೊಬೈಲ್ ತೆರೆದರೆ ಅವರ ದನಿ ಎಷ್ಟೋ ಕಡೆ ಕೇಳುತ್ತದೆ. ಪ್ರತಿ ಸಲ ಕೇಳಿದಾಗಲೂ ಎಲ್ಲೋ ಯಾರದ್ದೋ ಖಾತೆಗೆ ಪೈಸೆ ಸೇರುತ್ತದೆ. ಯಾರ ಖಾತೆ?

ಕಾನೂನು ಏನು ಹೇಳುತ್ತದೆ ನೋಡೋಣ. 1957ರ ಕೃತಿಸ್ವಾಮ್ಯ ಕಾಯ್ದೆಗೆ ಒಬ್ಬ ಕರ್ತೃ ಬೇಕು. ಅವನು ಬದುಕಿರುವವರೆಗೆ, ಸತ್ತ ಮೇಲೆ 60 ವರ್ಷ, ಬರೆದದ್ದು ಅವನದು ಮತ್ತು ಅವನ ವಾರಸುದಾರರದು. ನಮ್ಮ ದಿನಕರ ದೇಸಾಯಿಯವರು 1982ರಲ್ಲಿ ತೀರಿಕೊಂಡರು. ಅವರ ಚುಟುಕಗಳ ಹಕ್ಕು 2042ರ ಕೊನೆಯವರೆಗೆ ಇರುತ್ತದೆ. ಸರಿ, ಒಪ್ಪೋಣ. ಆದರೆ ಹತ್ತಾರು ತಲೆಮಾರಿನ ಹೆಂಗಸರು ಗದ್ದೆಯಲ್ಲಿ ಬೆನ್ನು ಬಾಗಿಸಿ ನೆಟ್ಟಿ ಮಾಡುತ್ತ ಕಟ್ಟಿದ ಪದಕ್ಕೆ ಕರ್ತೃ ಯಾರು? ಕಾನೂನಿನ ಲೆಕ್ಕದಲ್ಲಿ ಯಾರೂ ಇಲ್ಲ. ಯಾರೂ ಇಲ್ಲ ಅಂದಮೇಲೆ ಎಲ್ಲರದ್ದೂ. ಎಲ್ಲರದ್ದೂ ಅಂದಮೇಲೆ ಮೊದಲು ಮಶಿನ್ ತಂದವನದ್ದು! ಯಾಕೆಂದರೆ ಧ್ವನಿಮುದ್ರಣಕ್ಕೆ ಕರ್ತೃ ಅದರ ನಿರ್ಮಾಪಕ ಅಂತ ಅದೇ ಕಾಯ್ದೆ ಹೇಳುತ್ತದೆ. 2020ರಲ್ಲಿ ಒಂದು ಮುದ್ರಣ ಪ್ರಕಟವಾದರೆ ಅದು 2080ರ ಕೊನೆಯವರೆಗೆ ಅವನದು.

ಹಾಡಿದವಳಿಗೆ ಏನೂ ಇಲ್ಲವೇ? ಇದೆ. 1994ರ ತಿದ್ದುಪಡಿ ಪ್ರದರ್ಶಕರಿಗೂ ಒಂದು ಹಕ್ಕು ಕೊಟ್ಟಿತು. ಪ್ರದರ್ಶಕರು ಯಾರು ಅನ್ನುವ ಪಟ್ಟಿಯಲ್ಲಿ ನಟರು, ಗಾಯಕರ ಜೊತೆಗೆ ದೊಂಬರಾಟದವರೂ ಇದ್ದಾರೆ, ಹಾವಾಡಿಗರೂ ಇದ್ದಾರೆ. ಹಾವಾಡಿಸುವವನೂ ಕಲಾವಿದ ಅಂತ ಪಾರ್ಲಿಮೆಂಟು ಒಪ್ಪಿದೆ, ನಮ್ಮ ಸಾಹಿತ್ಯ ಚರಿತ್ರೆಕಾರರೇ ಇನ್ನೂ ಒಪ್ಪಿಲ್ಲ. ಈ ಹಕ್ಕು ಈಗ 50 ವರ್ಷದ್ದು. 2012ರ ತಿದ್ದುಪಡಿಯ ಮೇಲೆ ವ್ಯಾಪಾರಕ್ಕೆ ಬಳಸಿದರೆ ರಾಯಧನ ಕೇಳಬಹುದು. ಹಾಡಿದವರು ಇವರು ಅಂತ ಹೆಸರು ಹಾಕಿ ಅಂತಲೂ ಕೇಳಬಹುದು. ಇದು ನಮ್ಮವರಿಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಕೆಲವರ ಬಂಡವಾಳ.

ಆದರೂ ಒಂದು ಗುಟ್ಟು ನೆನಪಿಡಬೇಕು. ಈ ಹಕ್ಕು ದನಿಗೆ ಮಾತ್ರ, ಪದಕ್ಕಲ್ಲ. ಅದೇ ಪದವನ್ನು ಇನ್ನೊಬ್ಬರು ಕೀಬೋರ್ಡು ಹಚ್ಚಿ ಹಾಡಿದರೆ ಬಡಗೇರಿಗೆ ಒಂದು ಕಾಸೂ ಬರುವುದಿಲ್ಲ.

ಈಗ ಘಟ್ಟದ ಕೆಳಗಿನ ಎರಡು ಪ್ರಕರಣ ನೋಡಿ. ಒಂದು ಯಕ್ಷಗಾನದ್ದು. ಶಿವರಾಮ ಕಾರಂತರು ಯಕ್ಷಗಾನವನ್ನು ಕಡೆದು ತಿದ್ದಿ ತಮ್ಮದೇ ಬ್ಯಾಲೆ ರೂಪ ಕೊಟ್ಟರು. 1994ರ ಉಯಿಲಿನಲ್ಲಿ ತಮ್ಮ ಹಕ್ಕುಗಳನ್ನು ಮಾಲಿನಿ ಮಲ್ಯರಿಗೆ ಬಿಟ್ಟರು, 1997ರಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ ‘ಅಭಿಮನ್ಯು ವಧೆ’ ಆಡಿಸಿತು. ಅನುಮತಿ ಕೇಳಲಿಲ್ಲ ಅಂತ ದಾವೆ ಬಿತ್ತು. ಉಡುಪಿಯಿಂದ ಬೆಂಗಳೂರಿಗೆ, ಬೆಂಗಳೂರಿಂದ ದೆಹಲಿಗೆ ಹೋಯಿತು. 2009ರ ಜನವರಿ 23ರಂದು ಸುಪ್ರೀಂ ಕೋರ್ಟು ಕಾರಂತರ ಆ ರೂಪದ ಹಕ್ಕು ಮಲ್ಯರದ್ದೇ ಅಂತ ಎತ್ತಿಹಿಡಿಯಿತು. ಕಲಿಕೆಗಾಗಿ ಮತ್ತು ಹಣ ತೆಗೆದುಕೊಳ್ಳದೆ ಆಡುವ ಆಟಗಳಿಗೆ ಕಾಯ್ದೆ ಬಿಟ್ಟಿರುವ ರಿಯಾಯಿತಿ ಉಳಿಯುತ್ತದೆ ಅಂತಲೂ ಹೇಳಿತು.

ಕಾರಂತರ ಪ್ರತಿಭೆಯ ಬಗ್ಗೆ ಇಲ್ಲಿ ತಕರಾರಿಲ್ಲ. ಉಯಿಲನ್ನು ನಂಬಿ ನ್ಯಾಯ ಕೇಳಿದವರ ಮೇಲೂ ಸಿಟ್ಟಿಲ್ಲ. ಪ್ರಶ್ನೆ ಬೇರೆ. ಕಾರಂತರು ಕೈ ಹಾಕುವ ಮೊದಲು ಆ ಕುಣಿತ ಎಲ್ಲಿತ್ತು? ಬಯಲಾಟದ ಗದ್ದೆಯಲ್ಲಿ ಬೆಳಗಿನತನಕ ಕುಣಿದವರ ಕಾಲಲ್ಲಿತ್ತು. ಚಂಡೆಗೆ ಚರ್ಮ ಹದ ಮಾಡಿದ ಕೈಯಲ್ಲಿ, ಗುರುವಿನ ಪೆಟ್ಟು ತಿಂದು ತಾಳ ಕಲಿತ ಬಡ ಹುಡುಗರ ಮೈಯಲ್ಲಿ ಇತ್ತು. ಬೆಟ್ಟದಷ್ಟು ಇದ್ದದ್ದಕ್ಕೆ ಹಕ್ಕಿಲ್ಲ. ಅದರ ಮೇಲೆ ಒಬ್ಬರು ಇಟ್ಟ ಕಲ್ಲಿಗೆ ಹಕ್ಕಿದೆ. ಇದು ಕಾನೂನಿನ ತರ್ಕ.

ಎರಡನೆಯದು ಸಿನಿಮಾದ್ದು. 2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ಬಂತು, ನೂರಾರು ಕೋಟಿ ದುಡಿಯಿತು. ಅದರ ‘ವರಾಹ ರೂಪಂ’ ಹಾಡು ನಮ್ಮ ‘ನವರಸಂ’ನಿಂದ ತೆಗೆದದ್ದು ಅಂತ ಕೇರಳದ ತೈಕ್ಕುಡಂ ಬ್ರಿಡ್ಜ್ ಎಂಬ ತಂಡ ಕೋರ್ಟಿಗೆ ಹೋಯಿತು. ಕೋಝಿಕ್ಕೋಡಿನ ನ್ಯಾಯಾಲಯ ತಡೆ ಕೊಟ್ಟಿತು. ಸಿನಿಮಾ ಮನೆಮನೆಯ ಪರದೆಗೆ ಬಂದಾಗ ಕೆಲಕಾಲ ಆ ಹಾಡಿನ ಜಾಗದಲ್ಲಿ ಬೇರೆ ರಾಗ ಕೇಳಿಸಿತು. ಒಂದು ರಾಗದ ಹೋಲಿಕೆಗೆ ಇಷ್ಟು ಬಲ ಇದೆ. ಆದರೆ ಆ ಸಿನಿಮಾದ ಉಸಿರೇ ಭೂತಕೋಲ. ಅದನ್ನು ಕಟ್ಟಿ ಬಂದವರು ನಲ್ಕೆಯವರು, ಪಂಬದರು, ಪರವರು. ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವ ಜನ. ಅವರು ಯಾವ ಕೋರ್ಟಿಗೆ ಹೋಗಬೇಕು? ಹೋದರೆ ಕರ್ತೃ ಯಾರು ಅಂತ ಮೊದಲ ಪ್ರಶ್ನೆ ಬರುತ್ತದೆ. ಸಿನಿಮಾ ಗೆದ್ದ ಮೇಲೆ ಅದೇ ಅಕ್ಟೋಬರಿನಲ್ಲಿ 60 ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಅಂತ ರಾಜ್ಯ ಸರ್ಕಾರ ಸಾರಿತು. ಪೇಟೆಯವರಿಗೆ ಹಕ್ಕು, ಕೇರಿಯವರಿಗೆ ದಾನ!

ಇಷ್ಟು ಓದಿದ ಗೆಳೆಯರು ತಟ್ಟನೆ ಒಂದು ಮಾತು ಹೇಳಬಹುದು: ಹಾಗಾದರೆ ನಮ್ಮ ಪದಕ್ಕೆ ನಾವೂ ಬೇಲಿ ಹಾಕೋಣ, ಹಾಲಕ್ಕಿಗಳ ಪದ ಹಾಲಕ್ಕಿಗಳದ್ದು, ತಮಟೆ ಮಾದಿಗರದ್ದು, ಯಾರೂ ಮುಟ್ಟಬಾರದು. ಸಿಟ್ಟು ನ್ಯಾಯದ್ದೇ. ದಾರಿ ಮಾತ್ರ ಅಪಾಯದ್ದು. ತಮಟೆ ಬಡಿಯುವುದು ಒಂದು ಕಾಲಕ್ಕೆ ಬಿಟ್ಟಿ ಚಾಕರಿ. ಹುಟ್ಟಿದ ಜಾತಿಗೆ ಕಟ್ಟಿಹಾಕಿದ ಕೆಲಸ. ಅದನ್ನು ಬಡಿಯಲಾರೆ ಅಂದು ಏಟು ತಿಂದವರು ನಮ್ಮಲ್ಲಿದ್ದಾರೆ. ಅದೇ ತಮಟೆಯನ್ನು ಈಗ ಜಾತಿಯ ಆಸ್ತಿ ಅಂತ ಬರೆದುಕೊಟ್ಟರೆ ಮನುವಿನ ಕಡತಕ್ಕೆ ನಾವೇ ಸಹಿ ಹಾಕಿದಂತೆ. ಜಾತಿ ದುಡಿಯುವವರನ್ನೇ ಮೇಲು ಕೀಳು ಮಾಡಿ ಹಂಚಿಡುತ್ತದೆ ಅಂತ 1936ರಲ್ಲೇ ಅಂಬೇಡ್ಕರರು ತೋರಿಸಿದ್ದರು. ಇನ್ನೊಂದು ಮಾತು. ಸಮುದಾಯದ ಹಕ್ಕು ಅಂದರೆ ಯಾರ ಕೈಯಲ್ಲಿ? ಊರ ಯಜಮಾನನ ಕೈಯಲ್ಲಿ. ಪದ ಕಟ್ಟಿದವರು ಹೆಂಗಸರು, ಕರಾರಿಗೆ ಸಹಿ ಹಾಕುವವನು ಗಂಡಸು ಅಂತಾದರೆ ಬಂದದ್ದೇನು?

ಮತ್ತೆ ನೋಡಿ, ಎರವಲು ಇಲ್ಲದೆ ನಮ್ಮ ಚಳವಳಿಯೇ ಇಲ್ಲ. 1975ರ ‘ಹೊಲೆಮಾದಿಗರ ಹಾಡು’ ಪುಸ್ತಕದಂಗಡಿಯಿಂದ ಊರು ಮುಟ್ಟಿದ್ದಲ್ಲ. ಜಾಥಾದಲ್ಲಿ ಒಬ್ಬ ಹೇಳಿದ, ಹತ್ತು ಜನ ಕಲಿತರು, ಮಾತು ಅಲ್ಲಿ ಇಲ್ಲಿ ಬದಲಾಯಿತು, ಧಾಟಿ ಊರಿಗೊಂದಾಯಿತು. ಸಿದ್ಧಲಿಂಗಯ್ಯನವರ ಹಾಡುಗಳು ನಾಡಿನ ಬಾಯಿಗೆ ಬಂದದ್ದು ಹೀಗೆ. ರಾಮಾಯಣದ ಶಂಬೂಕನನ್ನು ಎತ್ತಿಕೊಂಡು 1944ರಲ್ಲಿ ‘ಶೂದ್ರ ತಪಸ್ವಿ’ ಬರೆದ ಕುವೆಂಪು ಯಾವ ಮಠದ ಅಪ್ಪಣೆಗೂ ಕಾಯಲಿಲ್ಲ. ಹಳೆಯ ಕತೆಯನ್ನು ತಿರುಗಿಸಿ ಹೇಳುವುದು ಸೋತವರ ಕೈಯಲ್ಲಿರುವ ಹಳೆಯ ಆಯುಧ.

ನಮ್ಮ ತಾಲೂಕಿನಲ್ಲಿ ಇದಕ್ಕೊಂದು ಹೆಸರೇ ಇದೆ: ಹಗರಣ. 2010ರಲ್ಲಿ ಬೇಲೆಕೇರಿ ಬಂದರಿನ ಅದಿರು ಕಾಣೆಯಾದಾಗ ಪತ್ರಿಕೆಗಳು ಅದನ್ನು ಹಗರಣ ಅಂದವು. ನಮ್ಮ ಕಡೆಯವರಿಗೆ ಆ ಮಾತಿನ ಅರ್ಥ ಅದಕ್ಕಿಂತ ಹಳೆಯದು. ಹೋಳಿ ಹುಣ್ಣಿಮೆಯ ಸುಗ್ಗಿಯಲ್ಲಿ ತುರಾಯಿ ಕಟ್ಟಿದ ಕುಣಿತದ ಬೆನ್ನಿಗೆ ಅಣಕದ ವೇಷಗಳು ಬರುತ್ತವೆ. ಸಾಹೇಬ ಬರುತ್ತಾನೆ, ಸಾಹುಕಾರ ಬರುತ್ತಾನೆ, ಪುಢಾರಿ ಬರುತ್ತಾನೆ. ಅವನ ಟೊಪ್ಪಿಗೆ, ಅವನ ಮಾತು, ಅವನ ನಡಿಗೆ ಎಲ್ಲ ಕದ್ದದ್ದೇ! ಕದಿಯದೆ ಅಣಕಿಸುವುದು ಹೇಗೆ? ವರ್ಷವಿಡೀ ತಲೆ ತಗ್ಗಿಸಿ ನಿಂತವನು ಅವತ್ತು ಒಡೆಯನ ವೇಷ ಹಾಕಿ ಒಡೆಯನ ಮುಂದೆಯೇ ಕುಣಿಯುತ್ತಾನೆ. ಇದಕ್ಕೆ ಮೊದಲು ಒಡೆಯನ ಪರವಾನಗಿ ತಗೊಂಡು ಬಾ ಅಂದರೆ ಹಗರಣ ಅಲ್ಲಿಗೇ ಸತ್ತಿತು.

ಇದು ಕೋರ್ಟಿನಲ್ಲೂ ಒಮ್ಮೆ ಪರೀಕ್ಷೆಯಾಗಿದೆ. ಕೇರಳದಲ್ಲಿ ತೋಪ್ಪಿಲ್ ಭಾಸಿಯವರ 1952ರ ನಾಟಕ ‘ನಿಙ್ಙಳೆನ್ನೆ ಕಮ್ಯೂನಿಸ್ಟಾಕ್ಕಿ’ ಕಮ್ಯುನಿಸ್ಟರನ್ನು ಅಧಿಕಾರದ ಬಾಗಿಲಿಗೆ ತಂದ ನಾಟಕ ಅಂತ ಹೆಸರಾಯಿತು. 1995ರಲ್ಲಿ ಸಿವಿಕ್ ಚಂದ್ರನ್ ಅದೇ ಪಾತ್ರಗಳನ್ನು, ಅದೇ ಮಾತುಗಳನ್ನು ಬೇಕಾದಷ್ಟು ತೆಗೆದುಕೊಂಡು ಒಂದು ಪ್ರತಿನಾಟಕ ಬರೆದರು. ನೀವು ಯಾರನ್ನು ಕಮ್ಯುನಿಸ್ಟ್ ಮಾಡಿದಿರಿ? ಬಾವುಟ ಹಿಡಿದ ದಲಿತ ಕೂಲಿಗಳಿಗೆ ಕೊನೆಗೆ ಸಿಕ್ಕಿದ್ದೇನು? ಅಂತ ಕೇಳಿದರು. ಭಾಸಿಯವರ ವಾರಸುದಾರರು ಕೃತಿಚೌರ್ಯ ಅಂದರು, ಕೆಳಗಿನ ಕೋರ್ಟು ತಡೆದಿತ್ತು. 1996ರಲ್ಲಿ ಕೇರಳ ಹೈಕೋರ್ಟು ಆ ತಡೆಯನ್ನು ಒಪ್ಪಲಿಲ್ಲ. ಮೂಲ ನಾಟಕವನ್ನು ಟೀಕಿಸಲಿಕ್ಕೆ ಅದರಿಂದ ತೆಗೆದುಕೊಂಡದ್ದು ನ್ಯಾಯವಾದ ಬಳಕೆ. ಮೂಲದ ಮಾರುಕಟ್ಟೆಯನ್ನು ಕಸಿಯುವ ಉದ್ದೇಶ ಇದಕ್ಕಿಲ್ಲ ಅಂತ ಅದು ಕಂಡಿತು. ದಲಿತರ ಪ್ರಶ್ನೆ ಎತ್ತಿದ ಒಂದು ಅಣಕಕ್ಕೆ ಸಿಕ್ಕ ಈ ರಕ್ಷಣೆಯನ್ನು ನಮ್ಮ ಬೀದಿನಾಟಕದ ಹುಡುಗರು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು. ಯಾಕೆಂದರೆ ನಮ್ಮ ಕಾಯ್ದೆಯಲ್ಲಿ ಟೀಕೆ, ವಿಮರ್ಶೆ ಎಂಬ ಮಾತುಗಳಿವೆ, ಅಣಕ ಎಂಬ ಮಾತೇ ಇಲ್ಲ. ಅಣಕವೂ ವಿಮರ್ಶೆಯೇ ಅಂತ ಪ್ರತಿ ಸಲವೂ ವಾದ ಮಾಡಿ ಗೆಲ್ಲಬೇಕು.

ಹಾಗಾದರೆ ಭೂತಕೋಲದಿಂದ ಸಿನಿಮಾದವನು ತಗೊಂಡದ್ದು ತಪ್ಪು, ಸಾಹುಕಾರನಿಂದ ಹಗರಣದವನು ತಗೊಂಡದ್ದು ಸರಿ ಅನ್ನುವುದು ಪಕ್ಷಪಾತವಲ್ಲವೇ? ಪಕ್ಷಪಾತವೇ. ಆದರೆ ಸುಮ್ಮನೆ ಬಂದದ್ದಲ್ಲ. ಹಗರಣದವನು ಸಾಹುಕಾರನ ನಡಿಗೆ ಕದ್ದರೆ ಸಾಹುಕಾರನ ಅನ್ನಕ್ಕೆ ಕುತ್ತು ಬರುವುದಿಲ್ಲ. ಅವನ ಹೆಸರೂ ಅಳಿಯುವುದಿಲ್ಲ. ಹೆಸರು ಗೊತ್ತಿದ್ದರೇ ಅಣಕಕ್ಕೆ ರುಚಿ. ಮೇಲಿನವನು ಕೆಳಗಿನವಳ ಪದ ತಗೊಂಡಾಗ ಮೊದಲು ಅಳಿಯುವುದೇ ಅವಳ ಹೆಸರು, ಆಮೇಲೆ ಅವಳ ಕೂಲಿ. ಎರವಲು ಎಂಬ ಒಂದೇ ಮಾತಿನಲ್ಲಿ ಈ ಎರಡೂ ಅಡಗಿವೆ. ಅವನ್ನು ಬಿಡಿಸಿ ನೋಡುವುದು ವಿಮರ್ಶಕನ ಕೆಲಸ. ಧಾಟಿ ಎಲ್ಲಿಂದ ಬಂತು ಎಂಬ ಒಂದೇ ಪ್ರಶ್ನೆಗೆ ನಿಂತರೆ ಸಾಲದು. ಯಾರಿಂದ ಯಾರಿಗೆ ಹೋಯಿತು, ಯಾರ ಹೆಸರು ಉಳಿಯಿತು, ಯಾರ ಜೇಬು ತುಂಬಿತು ಎಂಬುದನ್ನೂ ಕೇಳಬೇಕು.

ಆದ್ದರಿಂದ ಪದಕ್ಕೆ ಬೇಲಿ ಬೇಡ. ಬೇಕಾದ್ದು ಮೂರು. ಪುಸ್ತಕವಿರಲಿ, ವಿಡಿಯೊ ಇರಲಿ, ಹೇಳಿದವರ ಹೆಸರು ಮತ್ತು ಊರು ಸಂಪಾದಕರ ಹೆಸರಿನ ಪಕ್ಕದಲ್ಲೇ ಬರಬೇಕು. ದುಡ್ಡು ಹುಟ್ಟಿದರೆ ಪಾಲು ಸಲ್ಲಬೇಕು, ಪಾಲು ಎಷ್ಟು ಅಂತ ಬರಹದಲ್ಲಿ ಇರಬೇಕು, ಆ ಬರಹವನ್ನು ಹಾಡಿದ ಹೆಂಗಸಿಗೆ ಕನ್ನಡದಲ್ಲಿ ಓದಿ ಹೇಳಿರಬೇಕು. ಸಾವಿನ ಪದ, ದೇವರ ಪದ ಇಂಥವನ್ನು ಸಂತೆಗೆ ತರುವ ಮೊದಲು ಒಪ್ಪಿಗೆ ಕೇಳಬೇಕು, ಬೇಡ ಅಂದರೆ ಬಿಡಬೇಕು. ಹಳ್ಳಿ ಶಾಲೆಯ ಮಾಸ್ತರರಿಗೆ ಒಂದು ಮಾತು. ಪದ ಬರೆದುಕೊಳ್ಳಲು ಮೊದಲು ಕೇರಿಗೆ ಹೋಗುವವರು ನೀವೇ. ನೋಟುಬುಕ್ಕಿನ ಮೊದಲ ಸಾಲಲ್ಲಿ ಹೇಳಿದವಳ ಹೆಸರು, ಊರು, ದಿನಾಂಕ ಬರೆಯಿರಿ. ನಾಳೆ ಆ ಸಾಲೇ ದಾಖಲೆ. ಅಣಕಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಡ. ಅದು ಹೋಳಿಯ ಹಕ್ಕು, ವರ್ಷವಿಡೀ ಇರಲಿ.

ಅಂಕೋಲೆ ಉಪ್ಪಿನ ಊರು. ಕಡಲ ನೀರನ್ನು ಆಗರಕ್ಕೆ ಬಿಟ್ಟು, ಬಿಸಿಲಲ್ಲಿ ನಿಂತು ಉಪ್ಪು ಮಾಡಿದವರಲ್ಲಿ ನಮ್ಮ ಆಗೇರರು ಮೊದಲಿಗರು. ಹೆಸರಲ್ಲೇ ಆಗರ ಇದೆ. ಆ ಉಪ್ಪಿಗೆ ಸರ್ಕಾರ ಕಾನೂನು ಮಾಡಿ ಒಡೆಯನಾಯಿತು. 1930ರಲ್ಲಿ ಇದೇ ದಂಡೆಯಲ್ಲಿ ಆ ಕಾನೂನನ್ನು ಮುರಿದರು. ಚರಿತ್ರೆಯ ಪುಸ್ತಕಗಳಲ್ಲಿ ಮುಂದಾಳುಗಳ ಹೆಸರಿವೆ. ಆಗರದಲ್ಲಿ ಕಾಲು ಬಿರಿದುಕೊಂಡವರ ಹೆಸರು ಎಷ್ಟಿವೆ, ತೆಗೆದು ಎಣಿಸಿ ನೋಡಿ.