ಲೆಕ್ಕ ಓದುವವರು, ಉತ್ತರಿಸಬೇಕಾದವರು

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯಬೇಕು. ಮಾರ್ಚ್ 31ಕ್ಕೆ ಮುಗಿದ ವರ್ಷದ ಜಮೆ-ಖರ್ಚನ್ನು ಊರಿನವರ ಮುಂದೆ ಓದಿ ಹೇಳಬೇಕು, ಕಡತಗಳನ್ನು ತೆರೆದಿಡಬೇಕು, ಆದ ಕಾಮಗಾರಿಯನ್ನು ಸ್ಥಳಕ್ಕೇ ಹೋಗಿ ನೋಡಬೇಕು. ತಾನು ಗೆಲ್ಲಿಸಿದವರನ್ನು ಲೆಕ್ಕ ಕೇಳಲು ಮತದಾರನಿಗೆ ಇಷ್ಟು ನೇರವಾದ ದಾರಿ ನಮ್ಮಲ್ಲಿ ಇನ್ನೊಂದಿಲ್ಲ. ಇಂಥದ್ದು ಎಷ್ಟೋ ಕಡೆ ಸಹಿ ಹಾಕಿಸಿಕೊಂಡು ಮುಗಿಸುವ ಕೆಲಸವಾಗಿರುವುದು ನನಗೆ ಸಂಕಟದ ಸಂಗತಿ.

ಜಮಾಬಂದಿಯ ನಿಜವಾದ ಬಲ ಇರುವುದು ಕಾಮಗಾರಿ ನೋಡುವುದರಲ್ಲಿ. ಅಳತೆ ಪುಸ್ತಕದಲ್ಲಿ ಚರಂಡಿಯ ಉದ್ದ ಎಷ್ಟೆಂದು ಬರೆದಿದೆ, ನೆಲದ ಮೇಲೆ ಎಷ್ಟಿದೆ? ಟೇಪು ಹಿಡಿದು ನೋಡುವುದಕ್ಕೆ ಯಾವ ಓದೂ ಬೇಕಿಲ್ಲ. ಆ ಚರಂಡಿ ಯಾವ ತಿಂಗಳು ಕಟ್ಟಿದ್ದು, ಮೊದಲ ಮಳೆಗೆ ಎಲ್ಲಿ ಕುಸಿಯಿತು ಎಂಬುದು ಪಕ್ಕದ ಮನೆಯ ಹೆಣ್ಣುಮಗಳಿಗೆ ಯಾವ ಆಡಿಟರಿಗಿಂತಲೂ ಚೆನ್ನಾಗಿ ಗೊತ್ತು. ಅವಳ ಆ ತಿಳಿವಳಿಕೆಗೆ ಸರ್ಕಾರಿ ದಾಖಲೆಯ ಎದುರು ನಿಲ್ಲುವ ಹಕ್ಕು ಕೊಟ್ಟದ್ದೇ ಈ ಪದ್ಧತಿಯ ದೊಡ್ಡತನ.

ಆದರೆ ಸಭೆಯಲ್ಲಿ ಆಗುವುದೇನು? ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಒಟ್ಟು ಮೊತ್ತಗಳನ್ನು ಓದುತ್ತಾರೆ. ಯಾರಾದರೂ ಎದ್ದು ಕೇಳಿದರೆ ಅವರೇ ಉತ್ತರ ಹೇಳುತ್ತಾರೆ. ಯಾವ ಬೀದಿಗೆ ಮೊದಲು ಸಿಮೆಂಟ್ ರಸ್ತೆ, ಯಾವ ಕೇರಿಗೆ ಮುಂದಿನ ವರ್ಷ ಎಂದು ಸಾಮಾನ್ಯ ಸಭೆಯಲ್ಲಿ ಕೈಯೆತ್ತಿ ತೀರ್ಮಾನಿಸಿದ ಸದಸ್ಯರು ವೇದಿಕೆಯ ಮೇಲೆ ಸುಮ್ಮನೆ ಕೂತಿರುತ್ತಾರೆ. ಸಿಟ್ಟೆಲ್ಲ ನಾಳೆ ವರ್ಗವಾಗಿ ಹೋಗುವ ನೌಕರನ ಮೇಲೆ ತೀರುತ್ತದೆ. ದಲಿತ ಕೇರಿಯ ನೀರಿನ ಪೈಪು ಯಾಕೆ ಬಿಟ್ಟುಹೋಯಿತು ಎಂಬುದು ಲೆಕ್ಕದ ತಪ್ಪಲ್ಲ, ಆಯ್ಕೆಯಾದವರ ತೀರ್ಮಾನ. ಅದಕ್ಕೆ ಅವರೇ ಬಾಯಿ ಬಿಡಬೇಕು.

ಗ್ರಾಮಸಭೆಯಲ್ಲೂ ಇದೇ ತೊಡಕು. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಅದರ ಅಧ್ಯಕ್ಷತೆ ಪಂಚಾಯಿತಿ ಅಧ್ಯಕ್ಷರದೇ, ವಾರ್ಡ್ ಸಭೆಗೆ ಆ ವಾರ್ಡಿನ ಸದಸ್ಯರದು. ಉತ್ತರ ಹೇಳಬೇಕಾದವರೇ ಯಾರು ಮಾತಾಡಬೇಕು, ಯಾವಾಗ ಮುಗಿಸಬೇಕು ಎಂದು ನಿರ್ಧರಿಸುತ್ತಾರೆ. ಮನೆ ಹಂಚಿಕೆಯ ಫಲಾನುಭವಿ ಪಟ್ಟಿ ಕೈಗೆತ್ತಿಕೊಂಡರೆ ಉಳಿದ ವಿಷಯಗಳಿಗೆ ಹೊತ್ತೇ ಸಿಗುವುದಿಲ್ಲ. ಸಭೆ ಬೆಳಿಗ್ಗೆ ಹನ್ನೊಂದಕ್ಕಿದ್ದರೆ ಕೂಲಿಯವರು ಒಂದು ದಿನದ ದುಡಿಮೆ ಬಿಟ್ಟು ಬರಬೇಕು.

ರಾಜಸ್ಥಾನದಲ್ಲಿ ಕೂಲಿಕಾರರು-ರೈತರ ಸಂಘಟನೆಯಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾಣಾದಲ್ಲಿ ಶುರುಮಾಡಿದ ಜನಸುನವಾಯಿ, ಅಂದರೆ ಜನರೆದುರಿನ ವಿಚಾರಣೆ, ನಮ್ಮ ಈ ಸಭೆಗಳಿಗಿಂತ ಹರಿತವಾಗಿತ್ತು. ಕಾರಣ ಸಭೆಗಿಂತ ಮೊದಲು ನಡೆದ ಕೆಲಸ. ಹಾಜರಿ ಪಟ್ಟಿಯ ವಿವರ, ಬಿಲ್ಲುಗಳನ್ನು ಹೇಗೋ ಸಂಪಾದಿಸಿ, ಅವುಗಳಲ್ಲಿ ಹೆಸರಿದ್ದವರ ಮನೆಗೆ ಹೋಗಿ ಕೇಳಿ, ಆಮೇಲೆ ಊರಿನ ಮುಂದೆ ಒಂದೊಂದೇ ಹೆಸರು ಓದಿದರು. ಕೆಲಸಕ್ಕೇ ಹೋಗದವರ ಹೆಸರಿನಲ್ಲಿ ಕೂಲಿ ಎತ್ತಿದ್ದು ಅವರ ಬಾಯಿಂದಲೇ ಹೊರಬಂತು. ದಾಖಲೆ ಕೊಡಿ ಎಂದು ಆ ಕೂಲಿಕಾರರು ಹಿಡಿದ ಹಟ 2005ರ ಮಾಹಿತಿ ಹಕ್ಕು ಕಾಯ್ದೆಗೆ ದಾರಿ ಮಾಡಿತು. ಅದೇ ವರ್ಷದ ಉದ್ಯೋಗ ಖಾತರಿ ಕಾಯ್ದೆಯ 17ನೇ ಕಲಂ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಯ ಕೈಗೇ ಕೊಟ್ಟಿತು.

ದಾಖಲೆಗಾಗಿ ಆ ಸಂಘಟನ್ ಪಟ್ಟ ಕಷ್ಟ ಜಮಾಬಂದಿಗೆ ಬೇಕಿಲ್ಲ, ದಾಖಲೆ ಪಂಚಾಯಿತಿಯಲ್ಲೇ ಇದೆ. ಅದನ್ನು ವಾರ ಮೊದಲೇ ವಾರ್ಡುವಾರು, ಕಾಮಗಾರಿವಾರು, ದೊಡ್ಡ ಅಕ್ಷರದಲ್ಲಿ ಗೋಡೆಗೆ ಹಚ್ಚಲಿ. ಸಭೆ ನಡೆಸುವ ಹೊಣೆ ಆ ಪಂಚಾಯಿತಿಗೆ ಸೇರದವರಿಗೆ ಹೋಗಲಿ. ವಾರ್ಡಿನ ಕಾಮಗಾರಿಯ ಪ್ರಶ್ನೆಗೆ ವಾರ್ಡಿನ ಸದಸ್ಯರೇ ಎದ್ದು ನಿಂತು ಉತ್ತರಿಸಲಿ. ಹೊಸದಾಗಿ ಗೆದ್ದ ಎಷ್ಟೋ ಹೆಣ್ಣುಮಕ್ಕಳಿಗೆ ಇದು ಭಯ ಹುಟ್ಟಿಸಬಹುದು. ಆದರೆ ತಮ್ಮ ಹೆಸರಿನಲ್ಲಿ ಗಂಡನೋ ಮೈದುನನೋ ಅಧಿಕಾರ ನಡೆಸುವುದನ್ನು ತಡೆಯಲು ಇದಕ್ಕಿಂತ ಒಳ್ಳೆಯ ಸಂದರ್ಭ ಅವರಿಗೂ ಸಿಗದು.

ಇಷ್ಟೆಲ್ಲ ಕೊರತೆಯಿದ್ದರೂ ಪಂಚಾಯಿತಿ ಸದಸ್ಯರಿಗೆ ಜನರೆದುರು ಕೂರಬೇಕಾದ ಒಂದು ದಿನವಾದರೂ ಇದೆ. ಸಂಸದರ ಸ್ಥಳೀಯಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ, ಶಾಸಕರಿಗೂ ಅಂಥದೇ ನಿಧಿಯಿದೆ. ಯಾವ ಸಮುದಾಯ ಭವನಕ್ಕೆ, ಯಾವ ಹೈಮಾಸ್ಟ್ ದೀಪಕ್ಕೆ ಹಣ ಹೋಯಿತು, ಯಾಕೆ ಅಲ್ಲಿಗೇ ಹೋಯಿತು ಎಂದು ಕ್ಷೇತ್ರದ ಜನ ಸೇರಿ ಅವರನ್ನು ಕೇಳುವ ಜಮಾಬಂದಿ ಇಲ್ಲ. ಪಂಚಾಯಿತಿಗೆ ಈ ನಿಯಮ ಮಾಡಿದ ಶಾಸನಸಭೆ ಅದನ್ನು ತನ್ನ ಸದಸ್ಯರಿಗೂ ಅನ್ವಯಿಸಬೇಕು. ಮೊದಲ ಸಭೆ ತಾಲ್ಲೂಕು ಕೇಂದ್ರದಲ್ಲಿ, ಸಂತೆಯ ದಿನ ನಡೆಯಲಿ.